ಇವರು ನಿಮಗೆ ಏನಾಗಬೇಕು?

ಲಾಂಡ್ರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಗಿರಾಕಿಗಳಿಗೆ, ಇಸ್ತ್ರಿ ಮಾಡುವವರಿಗೆ, ಕೊನೆಗೆ ಮಾಲೀಕರಿಗೂ ಅವಳು ಗುರುತಕ್ಕ. ಬಂದ ಬಟ್ಟೆಗೆಲ್ಲ ಗುರುತು ಹಾಕುವುದು ಅವಳ ಕೆಲಸ. ಕಾಲರಿನ ಒಳಮಗ್ಗುಲಿಗೆ, ಪ್ಯಾಂಟಿನ ಸೊಂಟಪಟ್ಟಿಗೆ, ಹೊದಿಕೆಯ ಮೂಲೆಗೆ, ಎಷ್ಟು ಒಗೆದರೂ ಹೋಗದ ಕಪ್ಪು ಶಾಯಿಯಲ್ಲಿ ಒಂದು ಅಕ್ಷರ, ಪಕ್ಕದಲ್ಲಿ ಎರಡೋ ಮೂರೋ ಚುಕ್ಕೆ, ಬೇಕಾದರೆ ಕೆಳಗೊಂದು ಅಡ್ಡಗೆರೆ. ಇಪ್ಪತ್ತಾರು ವರ್ಷದಲ್ಲಿ ಒಂದು ಕರವಸ್ತ್ರವೂ ತಪ್ಪಿ ಬೇರೆ ಮನೆಗೆ ಹೋಗಿರಲಿಲ್ಲ. ಈ ವಿಷಯದಲ್ಲಿ ಅವಳಿಗೆ ತುಸು ಜಂಬವೇ ಇತ್ತು. ಇರಲಿ ಬಿಡಿ, ಅಷ್ಟು ವರ್ಷ ಹಬೆಯಲ್ಲಿ ಬೆಂದವಳಿಗೆ ಅಷ್ಟಾದರೂ ಬೇಡವೇ?

ಮನೆಗೊಂದು ಗುರುತು ಎಂಬುದು ಅಲ್ಲಿಯ ಪದ್ಧತಿ. ಒಮ್ಮೆ ಒಂದೇ ಮನೆಯ ಇಬ್ಬರು ಓರಗಿತ್ತಿಯರು ಒಂದು ನೀಲಿ ಕೋಟು ಹಿಡಿದು ಅಂಗಡಿಯ ನಟ್ಟನಡುವೆ ಜಗ್ಗಾಡಿದರು. ನನ್ನದು ಎಂದು ಇವಳು, ನನ್ನದು ಎಂದು ಅವಳು. ನಿಮ್ಮ ಗುರುತು ನೋಡಿ ನೀವೇ ತೀರ್ಮಾನ ಮಾಡಿ ಎಂದು ಇಬ್ಬರೂ ಗುರುತಕ್ಕನ ಮುಂದೆ ನಿಂತರು. ಅವಳು ಕಾಲರು ಮಡಚಿ ತೋರಿಸಿ, "ಗುರುತು ಮನೆ ಯಾವ್ದು ಅಂತ ಹೇಳುತ್ತೆ, ಮೈ ಯಾರ್ದು ಅಂತ ಹೇಳಲ್ಲ. ಮನೆಗೆ ಹೋಗಿ ಜಗಳ ಮುಂದುವರಿಸಿ" ಎಂದಳು. ಅಂಗಡಿಯವರು ಆ ಮಾತನ್ನು ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕರು. ಹೇಳಿದವಳು ಮಾತ್ರ ಅದನ್ನು ಮರೆತೇಬಿಟ್ಟಳು.

ಅವಳ ಮನೆ ಲಾಂಡ್ರಿಯಿಂದ ನಾಲ್ಕು ಹೆಜ್ಜೆ, ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ಜೊತೆಗಿರುವವಳು ಮಗಳು, ಇಪ್ಪತ್ತೆರಡು ವರ್ಷ, ಚಿಕ್ಕ ಮಕ್ಕಳಿಗೆ ಈಜು ಕಲಿಸುವ ಕೆಲಸ. ಗಂಡ ಎಂಬಾತ ಒಬ್ಬನಿದ್ದ, ಮಗಳಿಗೆ ಮೂರು ತುಂಬುವ ಮೊದಲೇ ಕೈ ಬೀಸಿಕೊಂಡು ಹೋದ. ಅವನ ಸುದ್ದಿ ನಮಗೆ ಬೇಡ. ಎರಡನೆಯ ಮಹಡಿಯಲ್ಲಿ ಅಕ್ಕ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಮೂವತ್ತು ವರ್ಷ ಕೂಗಿ ಕೂಗಿ ಅವಳ ಗಂಟಲು ದೊಡ್ಡದಾಗಿಬಿಟ್ಟಿತ್ತು. ಅವಳು ಮಾಮೂಲಿಯಾಗಿ ಮಾತಾಡಿದರೂ ಮೂರನೆಯ ಮಹಡಿಗೆ ಕೇಳುತ್ತಿತ್ತು. ಮದುವೆಯ ಗೊಡವೆಗೆ ಹೋಗದ ಅಕ್ಕನಿಗೆ ತಂಗಿಯೇ ಸಂಸಾರ, ತಂಗಿಯ ಮಗಳೇ ಮಗಳು. ಗುರುತಕ್ಕನನ್ನು 'ಗುಬ್ಬಿ' ಎಂದು ಕರೆಯುವ ಹಕ್ಕು ಈ ಭೂಮಿಯ ಮೇಲೆ ಅವಳೊಬ್ಬಳಿಗೆ ಇತ್ತು.

ಈ ಅಕ್ಕ ಗುಬ್ಬಿಯ ಒಡಹುಟ್ಟಿದವಳಲ್ಲ, ದೊಡ್ಡಪ್ಪನ ಮಗಳು. ಅಣ್ಣತಮ್ಮಂದಿರು ಇಬ್ಬರೂ ಒಂದೇ ಮನೆಯಲ್ಲಿದ್ದರು. ಗುಬ್ಬಿಗೆ ಆರು ವರ್ಷವಾದಾಗ ಹೆತ್ತ ತಾಯಿ ತೀರಿಕೊಂಡಳು. ಅಪ್ಪ ದೂರದ ಬಂದರಿಗೆ ಕೆಲಸಕ್ಕೆಂದು ಹೋದವನು ಮೊದಲು ಬರುವುದನ್ನು ಬಿಟ್ಟ, ಆಮೇಲೆ ಕಾಗದ ಬರೆಯುವುದನ್ನೂ ಬಿಟ್ಟ. ದೊಡ್ಡಮ್ಮ ಅವಳನ್ನು ಎತ್ತಿಕೊಂಡು ತನ್ನ ಮಗಳ ಹಾಸಿಗೆಯಲ್ಲೇ ಮಲಗಿಸಿದಳು. ವರ್ಷ ತಿರುಗುವುದರಲ್ಲಿ 'ದೊಡ್ಡಮ್ಮ' ಎಂಬುದರ ಮುಂದಿನ ಭಾಗ ಉದುರಿಹೋಗಿ ಬರೀ 'ಅಮ್ಮ' ಉಳಿಯಿತು. ಪಕ್ಕದ ಮನೆಯಾಕೆ ಒಂದು ದಿನ ಬಂದು, ತಾಯಿಲ್ಲದ ಕೂಸು ಪಾಪ ಎಂದು ಲೊಚಗುಟ್ಟಿದಾಗ, ಅಮ್ಮ ಆಕೆಯ ಕೈಯಿಂದ ಅರ್ಧ ಕುಡಿದ ಚಹಾದ ಲೋಟ ಕಿತ್ತುಕೊಂಡು, "ಈ ಮನೇಲಿ ತಾಯಿ ಇಲ್ಲದವರು ಯಾರೂ ಇಲ್ಲ" ಎಂದು ಬಾಗಿಲು ತೋರಿಸಿದ್ದಳು. ಅಲ್ಲಿಗೆ ಆ ಮಾತು ಮುಗಿಯಿತು. ದೊಡ್ಡಪ್ಪನ ಮಗಳನ್ನೂ ಅಕ್ಕ ಎಂದೇ ಕರೆಯುವ ಭಾಷೆ ನಮ್ಮದು; ಅದರ ನೆರಳಿನಲ್ಲಿ ಎಷ್ಟೋ ಮಕ್ಕಳು ಹಾಯಾಗಿ ಬೆಳೆದಿದ್ದಾರೆ. ಗುಬ್ಬಿಯೂ ಬೆಳೆದಳು. ಅಮ್ಮ ಎದೆಯ ಕ್ಯಾನ್ಸರಿನಿಂದ ಹೋದಾಗ ಹೆಚ್ಚು ಅತ್ತವಳು ಯಾರು ಎಂದು ನೋಡಿದವರಿಗೆ, ಹೆತ್ತ ಮಗಳು ಯಾರು ಎಂದು ಗೊತ್ತಾಗುವಂತಿರಲಿಲ್ಲ.

ಅಕ್ಕನಿಗೆ ನಲವತ್ತೇಳಾದಾಗ ಅವಳ ಎದೆಯಲ್ಲೂ ಗಂಟು ಕಾಣಿಸಿತು. ಆಪರೇಷನ್ ಆಯಿತು, ಕೂದಲು ಉದುರಿತು, ಮತ್ತೆ ಬಂತು. ತಾಯಿಗೂ ಇದ್ದದ್ದರಿಂದ ಆಸ್ಪತ್ರೆಯವರು ರಕ್ತದಲ್ಲಿ ವಂಶವಾಹಿಯ ಪರೀಕ್ಷೆ ಮಾಡಿಸಿದರು. ಒಂದು ಜಾಗದಲ್ಲಿ ಒಂದು ದೋಷ ಸಿಕ್ಕಿತು. ತಾಯಿಯಿಂದ ಬಂದಿರಬೇಕು, ರಕ್ತಸಂಬಂಧಿಗಳು ಯಾರಿದ್ದರೂ ಕರೆತನ್ನಿ ಎಂದರು. ಅಕ್ಕ ತಂಗಿಯ ಕೈ ಹಿಡಿದು ಎಳೆದುಕೊಂಡೇ ಹೋದಳು.

ಆಸ್ಪತ್ರೆಯಲ್ಲಿ ವಂಶವಾಹಿ ಪರೀಕ್ಷೆಗೆ ಬಂದವರಿಗೆ ಸಲಹೆ ಕೊಡುವವಳ ಕೋಣೆ ಚಿಕ್ಕದು. ಒಂದು ಮೇಜು, ಒಂದು ಕಂಪ್ಯೂಟರು, ಅಳುವವರಿಗಾಗಿ ಕಾಗದದ ಕರವಸ್ತ್ರದ ಡಬ್ಬಿ, ಯಾರೂ ನೀರು ಹಾಕದ ಒಂದು ಗಿಡ. ಆಕೆ ಪರದೆಯ ಮೇಲೆ ಮನೆತನದ ನಕ್ಷೆ ಬಿಡಿಸುತ್ತಿದ್ದಳು: ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಾಯಿಲೆ ಬಂದವರಿಗೆ ಕಪ್ಪು, ಸತ್ತವರ ಮೇಲೆ ಓರೆಗೆರೆ. ಗುರುತಕ್ಕನಿಗೆ ಇಷ್ಟವಾಯಿತು. ಇದೂ ನಮ್ಮ ಕಸುಬೇ ಎಂದುಕೊಂಡಳು.

"ಇವರು ನಿಮಗೆ ಏನಾಗಬೇಕು?" ಎಂದು ಆಕೆ ಅಕ್ಕನನ್ನು ಕೇಳಿದಳು.

"ತಂಗಿ."

"ಸ್ವಂತ ತಂಗಿನಾ?"

"ಸ್ವಂತದ್ದೇ. ಮತ್ತೇನು ಬಾಡಿಗೆಗೆ ತಂದಿದ್ದಾ?"

ಆಕೆ ನಕ್ಕಳು. ಗುರುತಕ್ಕನೂ ನಕ್ಕಳು. ನಗುತ್ತಲೇ ಆಕೆ ಒಂದು ಗೆರೆ ಎಳೆದಳು. ಅಮ್ಮನ ಕಪ್ಪು ವೃತ್ತದಿಂದ ಕೆಳಗಿಳಿದ ಗೆರೆ ಎರಡಾಗಿ ಕವಲೊಡೆದು, ಒಂದು ಅಕ್ಕನ ತಲೆಯ ಮೇಲೆ, ಇನ್ನೊಂದು ಗುರುತಕ್ಕನ ತಲೆಯ ಮೇಲೆ ನಿಂತಿತು. ಗುರುತಕ್ಕ ಆ ಗೆರೆಯನ್ನೇ ನೋಡಿದಳು. ಶಾಲೆಯ ಸರ್ಟಿಫಿಕೇಟಿನಲ್ಲಿ, ಮದುವೆಯ ರಿಜಿಸ್ಟರಿನಲ್ಲಿ, ಎಲ್ಲೆಲ್ಲೂ ನೆನಪೇ ಇಲ್ಲದ ಒಬ್ಬ ತಾಯಿಯ ಹೆಸರಿತ್ತು. ಅವಳು ಸಾಕಿದ ಅಮ್ಮನ ಮಗಳು ಎಂದು ಬರೆದದ್ದು ಅದೇ ಮೊದಲು. ಹೇಳಬಹುದಾಗಿತ್ತು, ಬಾಯಿ ಬರಲಿಲ್ಲ. ತಪ್ಪು ಎಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಗೊತ್ತಿತ್ತು ಎಂದರೂ ಸುಳ್ಳಾಗುತ್ತದೆ. ಅಕ್ಕ ಪಕ್ಕದಲ್ಲಿ, ಹೊಸದಾಗಿ ಬಂದ ಮೋಟು ಕೂದಲು ನೇವರಿಸಿಕೊಂಡು ಕೂತಿದ್ದಾಗ, ಇವಳು ನನ್ನ ಸ್ವಂತ ಅಕ್ಕ ಅಲ್ಲ ಎನ್ನುವ ನಾಲಿಗೆ ಯಾರಿಗಿದೆ?

ಎರಡು ಪರೀಕ್ಷೆ ಎಂದಳು ಸಲಹೆಯವಳು. ಒಂದು, ಅಕ್ಕನಿಗೆ ಇರುವ ಅದೇ ದೋಷ ತಂಗಿಗೂ ಇದೆಯೇ ಎಂದು ಆ ಒಂದೇ ಜಾಗದಲ್ಲಿ ಹುಡುಕುವುದು. ಇನ್ನೊಂದು, ಹುಟ್ಟಿನಿಂದ ಬಂದದ್ದಲ್ಲ. ವಯಸ್ಸು, ಹೊಗೆ, ದುಡಿಮೆ, ಕಾಯಿಲೆ ಇವೆಲ್ಲ ಸೇರಿ ವಂಶವಾಹಿಗಳ ಮೇಲೆ ಅಂಟಿಸಿಹೋದ ಗುರುತುಗಳನ್ನು ಎಣಿಸಿ, ಮುಂದೆ ಅಪಾಯ ಎಷ್ಟು ಎಂದು ಅಂದಾಜು ಮಾಡುವುದು. ಇದು ಇನ್ನೂ ಸಂಶೋಧನೆಯ ಹಂತದಲ್ಲಿದೆ, ಪೂರ್ತಿ ನಂಬುವ ಹಾಗಿಲ್ಲ ಎಂದೂ ಸೇರಿಸಿದಳು. ನೇಯುವಾಗಲೇ ಬಿದ್ದ ತಪ್ಪು ಒಂದು, ಉಟ್ಟು ಒಗೆದು ಬಿದ್ದ ಕಲೆ ಇನ್ನೊಂದು, ಹಾಗಾ ಎಂದು ಗುರುತಕ್ಕ ಕೇಳಿದ್ದಕ್ಕೆ ಆಕೆ ಖುಷಿಪಟ್ಟು, ಬೇರೆಯವರಿಗೂ ಹೀಗೇ ಹೇಳುತ್ತೇನೆ ಎಂದು ಬರೆದಿಟ್ಟುಕೊಂಡಳು.

ತಿಂಗಳಾದ ಮೇಲೆ ಎರಡು ಹಾಳೆ ಬಂದವು. ಮೊದಲನೆಯದರಲ್ಲಿ, ಅಕ್ಕನ ದೋಷ ತಂಗಿಗೆ ಇಲ್ಲ, ಅಪಾಯ ಎಲ್ಲ ಹೆಂಗಸರಿಗೆ ಇರುವಷ್ಟೇ ಎಂದಿತ್ತು. ಎರಡನೆಯದರಲ್ಲಿ, ಗುರುತುಗಳು ವಯಸ್ಸಿಗಿಂತ ಸ್ವಲ್ಪ ಹೆಚ್ಚಿವೆ, ಆರು ತಿಂಗಳಲ್ಲಿ ಮತ್ತೆ ಬಂದು ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಎಂದಿತ್ತು. ಅಕ್ಕ ಮೊದಲನೆಯ ಹಾಳೆಯನ್ನು ಎದೆಗೊತ್ತಿಕೊಂಡು, ಗಾಯ ಇನ್ನೂ ನೋಯುತ್ತಿದ್ದ ಜಾಗಕ್ಕೇ ಒತ್ತಿಕೊಂಡು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ತನ್ನ ಕಾಯಿಲೆ ಗೊತ್ತಾದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ನನಗೆ ಬಂದದ್ದು ನನ್ನ ಗುಬ್ಬಿಗೆ ಬರಲಿಲ್ಲ, ಅಷ್ಟು ಸಾಕು ಎಂದಳು. ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದಲ್ಲಿ ಇಟ್ಟುಕೊಂಡು, ಟಿಕೆಟ್ ಕೌಂಟರಿನಲ್ಲಿ ಕೇಳಿದವರಿಗೂ ಕೇಳದವರಿಗೂ ತೋರಿಸಿದಳು. ಎರಡನೆಯ ಹಾಳೆ ಗುರುತಕ್ಕನ ಬೀರುವಿನಲ್ಲಿ ಮಡಿಸಿದ ಟವೆಲುಗಳ ಕೆಳಗೆ ಸೇರಿತು. ಸಲಹೆಯವಳು ಎರಡು ಸಲ ಫೋನು ಮಾಡಿದಳು. ಚಳಿಗಾಲ ಕಳೆದು ಕಂಬಳಿಗಳೆಲ್ಲ ಒಗೆಯಲು ಬರುವ ಸಮಯ, ಆಮೇಲೆ ಬರುತ್ತೇನೆ ಎಂದು ಗುರುತಕ್ಕ ಎರಡು ಸಲವೂ ಹೇಳಿದಳು.

ಎರಡು ವರ್ಷ ಹೋಯಿತು. ಅಕ್ಕನ ಕಾಯಿಲೆ ಮರಳಿ ಬಂದು ಬೆನ್ನುಮೂಳೆಗೆ ಇಳಿಯಿತು. ಅವಳು ಹಾಸಿಗೆ ಹಿಡಿದಳು. ನೋವು ಜೋರಾದಾಗ ದಿಂಬಿನ ಕೆಳಗಿಂದ ಆ ಹಾಳೆ ತೆಗೆದು ಒಮ್ಮೆ ಓದಿ, ಮತ್ತೆ ಮಡಿಸಿ ಇಡುತ್ತಿದ್ದಳು. ಮಡಿಕೆಯ ಜಾಗದಲ್ಲಿ ಅಕ್ಷರಗಳು ಅಳಿಸಿಹೋಗಿದ್ದವು.

ಅದೇ ಹೊತ್ತಿಗೆ ಗುರುತಕ್ಕನ ಹೊಟ್ಟೆ ಉಬ್ಬತೊಡಗಿತು. ವಯಸ್ಸು ಎಂದುಕೊಂಡಳು, ಗ್ಯಾಸು ಎಂದುಕೊಂಡಳು. ಲಂಗದ ಕೊಕ್ಕೆಯನ್ನು ಒಂದು ಬೆರಳಿನಷ್ಟು ಆಚೆ ಹೊಲಿದಳು. ತಿಂಗಳಲ್ಲಿ ಅದೂ ಸಾಲದಾಯಿತು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಅವಸರದಲ್ಲಿ ಸೊಂಟಪಟ್ಟಿಯನ್ನು ಪಿನ್ನಿನಿಂದ ಸಿಕ್ಕಿಸಿಕೊಂಡು ಬಂದಳು. ಅಂಗಡಿಯಲ್ಲಿ ಯಾರದೋ ಲಂಗದ ಸೊಂಟಪಟ್ಟಿಗೆ ಗುರುತು ಹಾಕುತ್ತಿದ್ದಾಗ ಕೈ ನಿಂತಿತು.

ಒಂದು ಕನ್ನಡಿ. ಅದರ ಮುಂದೆ ನಿಂತ ಒಬ್ಬ ಹೆಂಗಸು. ಮುಖ ನೆನಪಿಲ್ಲ, ಬೆನ್ನು ನೆನಪಿದೆ. ಲಂಗದ ಎರಡು ತುದಿ ಸೇರಿಸಲು ಒದ್ದಾಡಿ, ಸೇರದೆ, ಹಿಂದಕ್ಕೆ ಕೈ ಚಾಚಿ ಪಿನ್ನು ಕೇಳುತ್ತಾಳೆ. ಪಿನ್ನು ಕೊಡುವ ಕೈ ಪುಟ್ಟದು, ಆರು ವರ್ಷದ್ದು. ಅದು ತನ್ನ ಕೈ.

ಗುರುತಕ್ಕ ಪೆನ್ನು ಕೆಳಗಿಟ್ಟು ಬಟ್ಟೆಯ ಗಂಟಿನ ಮೇಲೆ ಕೂತುಬಿಟ್ಟಳು. ಗುರುತು ಮನೆ ಹೇಳುತ್ತದೆ, ಮೈ ಹೇಳುವುದಿಲ್ಲ. ಯಾವತ್ತೋ ನಗಿಸಲು ಆಡಿದ ಮಾತು ಈಗ ಅವಳ ಕುತ್ತಿಗೆ ಹಿಡಿಯಿತು.

ಸ್ಕ್ಯಾನ್ ಮಾಡಿದ ವೈದ್ಯರು ಮೃದುವಾಗಿ ಮಾತಾಡುವ ಮನುಷ್ಯ. ಅಂಡಾಶಯದಲ್ಲಿ ಗೆಡ್ಡೆ, ಹೊಟ್ಟೆಯಲ್ಲಿ ನೀರು, ಅಕ್ಕಪಕ್ಕಕ್ಕೂ ಹಬ್ಬಿದ ಹಾಗಿದೆ; ಬೇಗ ಆಪರೇಷನ್ ಮಾಡಬೇಕು ಎಂದರು. ಕಂಪ್ಯೂಟರಿನಲ್ಲಿ ಹಳೆಯ ನಕ್ಷೆ ತೆಗೆದು ನೋಡಿ, ನಿಮ್ಮ ಮನೆಯ ದೋಷ ನಿಮ್ಮಲ್ಲಿಲ್ಲ, ಇದು ದುರದೃಷ್ಟ ಅಷ್ಟೇ, ನಿಮ್ಮ ಮಗಳಿಗೆ ಇದರಿಂದ ಭಯವಿಲ್ಲ ಎಂದು ಸಮಾಧಾನವನ್ನೂ ಹೇಳಿದರು. ಆ ಸಮಾಧಾನ ಅವಳನ್ನು ಇರಿಯಿತು. ಹೊಟ್ಟೆಯ ಸುದ್ದಿಗೆ ಕಣ್ಣಲ್ಲಿ ನೀರು ಬಂದಿರಲಿಲ್ಲ, ಮಗಳ ಮಾತಿಗೆ ಬಂತು.

"ಡಾಕ್ಟ್ರೇ, ನನ್ನ ಹೆತ್ತ ತಾಯಿ ಬೇರೆ ಆಗಿದ್ರೆ?" ಎಂದಳು.

ವೈದ್ಯರು ಕೀಲಿಮಣೆಯಿಂದ ಕೈ ತೆಗೆದರು. ಹಾಗಿದ್ದರೆ ಎರಡು ವರ್ಷದ ಹಿಂದಿನ ಆ ಹಾಳೆಗೆ ಅರ್ಥವೇ ಇಲ್ಲ. ಇರಲು ಸಾಧ್ಯವೇ ಇಲ್ಲದ ಕಡೆ ಹುಡುಕಿ, ಇಲ್ಲ ಎಂದು ಬರೆದುಕೊಟ್ಟಂತಾಯಿತು ಎಂದರು. ಮತ್ತೆ ಮೊದಲಿಂದ, ಎಲ್ಲ ಕಡೆ ಹುಡುಕಬೇಕು. ಏನಾದರೂ ಸಿಕ್ಕಿದರೆ ಮಗಳನ್ನೂ ಪರೀಕ್ಷಿಸಬೇಕು. ಅವಳಿಗಿನ್ನೂ ಚಿಕ್ಕ ವಯಸ್ಸು, ಮಾಡಬಹುದಾದದ್ದು ಬಹಳ ಇದೆ. ಸಿಗದೆಯೂ ಇರಬಹುದು. ಆಗ ಮನೆತನದ ಕಥೆಯೊಂದೇ ಆಧಾರ. ಹೆತ್ತ ತಾಯಿ ಯಾವ ಕಾಯಿಲೆಯಿಂದ ಹೋದರು, ಆಕೆಯ ತಾಯಿ, ಅಕ್ಕತಂಗಿಯರು ಹೇಗೆ ಹೋದರು? ತಿಳಿದವರು ಯಾರಾದರೂ ಬದುಕಿದ್ದರೆ ಕೇಳಿಕೊಂಡು ಬನ್ನಿ ಎಂದರು.

ತಿಳಿದವರು ಒಬ್ಬರೇ ಬದುಕಿದ್ದರು. ಆಗ ಹನ್ನೊಂದು ವರ್ಷದವಳಾಗಿದ್ದ ಅಕ್ಕ.

ಮೂರು ದಿನ ಗುರುತಕ್ಕ ಎರಡನೆಯ ಮಹಡಿಯ ಬಾಗಿಲವರೆಗೆ ಹೋಗಿ ವಾಪಸಾದಳು. ಒಳಗೆ ಅಕ್ಕ ಆ ಹಾಳೆಯ ಮೇಲೆ ಜೀವ ಹಿಡಿದುಕೊಂಡಿದ್ದಾಳೆ. ಕೇಳುವುದೆಂದರೆ ಅದನ್ನು ಕಿತ್ತುಕೊಳ್ಳುವುದು. ಕೇಳದೆ ಬಿಟ್ಟರೆ? ಅಕ್ಕನಿಗೆ ಉಳಿದದ್ದು ವಾರಗಳೋ ತಿಂಗಳೋ. ಅವಳು ಹೋದರೆ ಉತ್ತರವೂ ಅವಳ ಜೊತೆ ಹೋಗುತ್ತದೆ. ಅಕ್ಕ ನೆಮ್ಮದಿಯಾಗಿ ಕಣ್ಣು ಮುಚ್ಚಲಿ ಎಂದು ಒಂದು ಮನಸ್ಸು, ಮಗಳು ಕಣ್ಣು ತೆರೆದಿರಬೇಕಲ್ಲ ಎಂದು ಇನ್ನೊಂದು. ಮೆಟ್ಟಿಲ ತಿರುವಿನಲ್ಲಿ ನಿಂತು ಗೋಡೆಗೆ ಹಣೆ ಒತ್ತಿ, ಅಮ್ಮಾ ಎಂದಳು. ಯಾವ ಅಮ್ಮನನ್ನು ಕರೆದೆ ಎಂದು ಅವಳಿಗೇ ತಿಳಿಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮಗಳು ಈಜುಕೊಳದಿಂದ ಬಂದಳು, ಒದ್ದೆ ಕೂದಲು, ಕಣ್ಣು ಕೆಂಪು. ಅಂದು ಮೊದಲ ಸಲ ನೀರಿಗಿಳಿದ ಒಂದು ಪುಟಾಣಿ ತನ್ನ ಕುತ್ತಿಗೆ ತಬ್ಬಿಕೊಂಡು ಬಿಡಲೇ ಇಲ್ಲ ಎಂದು ಹೇಳಿ ನಕ್ಕಳು. ಆ ಕುತ್ತಿಗೆಯ ಮೇಲೆ ಉಗುರಿನ ಗೀರು ಇತ್ತು. ಗುರುತಕ್ಕ ಅದನ್ನು ನೋಡುತ್ತ ಎದ್ದವಳು ನೇರ ಕೆಳಗಿಳಿದು ಅಕ್ಕನ ಹಾಸಿಗೆಯ ಪಕ್ಕ ಕೂತಳು.

"ಅಕ್ಕಾ, ನನ್ನ ಹೆತ್ತಮ್ಮ ಹೇಗೆ ಹೋದಳು?"

ನಲವತ್ತು ವರ್ಷದಲ್ಲಿ ಆ ಮಾತು ಅವರಿಬ್ಬರ ನಡುವೆ ಬಂದದ್ದು ಅದೇ ಮೊದಲು. ಅಕ್ಕ ತಾರಸಿ ನೋಡಿದಳು. ಆಮೇಲೆ ಅವಳ ಕಣ್ಣು ನಿಧಾನವಾಗಿ ಕೆಳಗಿಳಿದು, ತಂಗಿಯ ಸೊಂಟದ ಪಿನ್ನಿನ ಮೇಲೆ ನಿಂತಿತು.

"ಯಾವಾಗಿಂದ?" ಎಂದಳು.

ಅಷ್ಟೇ ಕೇಳಿದ್ದು. ಗುರುತಕ್ಕನಿಗೆ ತಡೆಯಲಾಗಲಿಲ್ಲ, ಹಾಸಿಗೆಯ ಅಂಚಿಗೆ ಮುಖ ಹುದುಗಿಸಿ, ಮೂರು ದಿನದ್ದನ್ನು ಮಾತ್ರವಲ್ಲ, ನಲವತ್ತು ವರ್ಷದ್ದನ್ನೂ ಸೇರಿಸಿ ಅತ್ತಳು. ಅಕ್ಕ ಅವಳ ತಲೆಯ ಮೇಲೆ ಕೈಯಿಟ್ಟು, ಕೌಂಟರಿನ ಆ ದೊಡ್ಡ ಗಂಟಲನ್ನು ಎಲ್ಲಿಟ್ಟಿದ್ದಳೋ, ಪಿಸುಮಾತಿನಲ್ಲಿ ಹೇಳಿದಳು. ಚಿಕ್ಕಮ್ಮನ ಹೊಟ್ಟೆ ಎಂಟು ತಿಂಗಳ ಬಸುರಿಯ ಹಾಗೆ ಆಗಿತ್ತಂತೆ. ಮೊದಮೊದಲು ಮನೆಯವರೂ ಹಾಗೇ ಅಂದುಕೊಂಡಿದ್ದರು. ತಮ್ಮ ಬರುತ್ತಾನೆ ಎಂದು ಗುಬ್ಬಿ ತನ್ನ ಮರದ ಬುಗುರಿಯನ್ನು ಅವನಿಗೆಂದು ಎತ್ತಿಟ್ಟಿದ್ದಳು. ತಮ್ಮ ಬರಲಿಲ್ಲ, ಹೊಟ್ಟೆಯಿಂದ ನೀರು ತೆಗೆಯುವವರು ಬಂದರು. ಚಿಕ್ಕಮ್ಮನ ತಾಯಿಯೂ, ಚಿಕ್ಕಮ್ಮನದೇ ಒಬ್ಬ ಅಕ್ಕನೂ ಇದೇ ರೀತಿ ಹೋದರೆಂದು ದೊಡ್ಡವರು ಅಡುಗೆಮನೆಯಲ್ಲಿ ಮಾತಾಡಿಕೊಂಡದ್ದನ್ನು ಅಕ್ಕ ಬಾಗಿಲ ಹಿಂದೆ ನಿಂತು ಕೇಳಿದ್ದಳು. ಗುಬ್ಬಿಗೆ ಹೇಳಬೇಡ ಎಂದು ಅಮ್ಮ ಆಣೆ ಹಾಕಿಸಿದ್ದಳು. ಹಾಗಾಗಿ ಹೇಳಿರಲಿಲ್ಲ.

"ಗೊತ್ತಿದ್ದೂ ಬಾಡಿಗೆ ಅಂತ ತಮಾಷೆ ಮಾಡಿದ್ನಲ್ಲೇ ನಾನು" ಎಂದಳು ಅಕ್ಕ.

ನಾನೂ ನಕ್ಕೆನಲ್ಲ ಎಂದಳು ಗುರುತಕ್ಕ.

ಅಕ್ಕ ದಿಂಬಿನ ಕೆಳಗೆ ಕೈ ಹಾಕಿ ಆ ಹಾಳೆ ತೆಗೆದಳು. ಬಿಚ್ಚಲಿಲ್ಲ, ಹರಿಯಲೂ ಇಲ್ಲ. ತಂಗಿಯ ಕೈಗೂ ಕೊಡದೆ, ಎಲ್ಲಿಡಬೇಕೆಂದು ತೋಚದೆ ಬಹಳ ಹೊತ್ತು ಹಿಡಿದುಕೊಂಡೇ ಇದ್ದಳು. ನಾಳೆ ನನ್ನನ್ನು ನಕ್ಷೆ ಬಿಡಿಸಿದ ಆ ಹುಡುಗಿ ಹತ್ತಿರ ಕರೆದುಕೊಂಡು ಹೋಗು ಎಂದಳು. ನಡೆಯಲಾಗದವಳು ಬರುವುದು ಬೇಡ, ನಾನೇ ಹೇಳುತ್ತೇನೆ ಎಂದರೆ ಕೇಳಲಿಲ್ಲ. ನಾನು ಬರೆಸಿದ್ದನ್ನು ನಾನೇ ಅಳಿಸಬೇಕು ಎಂದಳು.

ಮಾರನೆಯ ದಿನ ಅದೇ ಕೋಣೆ, ಅದೇ ಮೇಜು. ಗಿಡ ಮಾತ್ರ ಈಗ ಪೂರ್ತಿ ಒಣಗಿತ್ತು. ಅಕ್ಕ ಗಾಲಿಕುರ್ಚಿಯಲ್ಲಿ, ಪಕ್ಕದಲ್ಲಿ ಗುರುತಕ್ಕ, ಇಬ್ಬರ ಹಿಂದೆ ಮಗಳು. ಮಗಳಿಗೆ ಬೆಳಿಗ್ಗೆಯಷ್ಟೇ ಎಲ್ಲ ಹೇಳಿದ್ದರು. ಅವಳು ದೊಡ್ಡಮ್ಮನ ಕುರ್ಚಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ವೈದ್ಯರ ಟಿಪ್ಪಣಿ ಓದಿದ್ದ ಸಲಹೆಯವಳ ಮುಖ ಬಿಳಿಚಿಕೊಂಡಿತ್ತು. ತಾನು ಇನ್ನೊಂದು ಸಲ ಬಿಡಿಸಿ ಕೇಳಬೇಕಾಗಿತ್ತು ಎಂದಳು. ಆಮೇಲೆ ಆಕೆ ನಿಯಮದ ಪ್ರಕಾರ ಮೊದಲಿನಿಂದ ಶುರುಮಾಡಬೇಕಾಯಿತು.

"ಇವರು ನಿಮಗೆ ಏನಾಗಬೇಕು?"

ಅಕ್ಕನ ಕೈ ಕುರ್ಚಿಯ ತೋಳಿನಿಂದ ಜಾರಿ ತಂಗಿಯ ಕೈಯನ್ನು ಹುಡುಕಿ ಹಿಡಿಯಿತು. ಮೂಳೆ ಮಾತ್ರ ಉಳಿದಿದ್ದ ಕೈ, ಆದರೂ ನೋಯುವಷ್ಟು ಬಿಗಿ.

"ಚಿಕ್ಕಪ್ಪನ ಮಗಳು" ಎಂದಳು ಅಕ್ಕ.

"ಸ್ವಂತ..."

"ಸ್ವಂತ ಅಲ್ಲ. ಇವಳಮ್ಮ ಬೇರೆ, ನಮ್ಮಮ್ಮ ಬೇರೆ. ಗಟ್ಟಿಯಾಗಿ ಹೇಳ್ತಿದೀನಿ, ಸರಿಯಾಗಿ ಬರ್ಕೊಳ್ಳಿ."

ಹಳೆಯ ಗಂಟಲು ಆ ಒಂದು ಕ್ಷಣಕ್ಕೆ ಮರಳಿ ಬಂದಿತ್ತು. ಹೊರಗೆ ಬೆಂಚಿನ ಮೇಲೆ ಕೂತವರೂ ತಿರುಗಿ ನೋಡಿದರು. ಪರದೆಯ ಮೇಲೆ ಆಕೆ ಒಂದು ಗುಂಡಿ ಒತ್ತಿದಳು. ಅಮ್ಮನ ವೃತ್ತದಿಂದ ಗುರುತಕ್ಕನವರೆಗೆ ಇದ್ದ ಗೆರೆ ಹೋಯಿತು. ಅಕ್ಕನ ವೃತ್ತ ಒಂದು ಮೂಲೆಗೆ ಸರಿಯಿತು. ಇನ್ನೊಂದು ಕಡೆ, ಖಾಲಿ ಇದ್ದ ಜಾಗದಲ್ಲಿ, ಹೊಸ ವೃತ್ತಗಳು ಬಂದವು: ಒಬ್ಬ ತಾಯಿ, ತಾಯಿಯ ತಾಯಿ, ತಾಯಿಯ ಅಕ್ಕ ಎಂದಷ್ಟೇ ಗೊತ್ತಿದ್ದ ಯಾರೋ. ಒಂದೊಂದಕ್ಕೂ ಅಕ್ಕ ಕೇಳಿಸಿಕೊಂಡಿದ್ದಷ್ಟನ್ನು ಹೇಳುತ್ತ ಹೋದಳು, ಒಂದೊಂದೂ ಕಪ್ಪಾಗುತ್ತ ಹೋಯಿತು. ಆ ಕಪ್ಪಿನ ಕೆಳಗೆ ಗುರುತಕ್ಕ, ಅವಳ ಕೆಳಗೆ ಬಿಳಿಯ ಒಂದು ಪುಟ್ಟ ವೃತ್ತ. ಗುರುತಕ್ಕ ಆ ಬಿಳಿಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಮೊದಲು ಗುರುತಕ್ಕನ ರಕ್ತ, ಅದರಲ್ಲಿ ಸಿಕ್ಕಿದ್ದನ್ನು ನೋಡಿಕೊಂಡು ಆಮೇಲೆ ಮಗಳದು ಎಂದರು. ನರ್ಸ್ ಬಂದು ಗಾಜಿನ ನಳಿಕೆಗೆ ಚೀಟಿ ಅಂಟಿಸಿದಳು. ಗುರುತಕ್ಕ ಅದನ್ನು ಇಸಿದುಕೊಂಡು, ಹೆಸರು, ಸಂಖ್ಯೆ, ತಾಯಿಯ ಹೆಸರು, ಮೂರನ್ನೂ ಎರಡೆರಡು ಸಲ ಓದಿ ಹಿಂದಿರುಗಿಸಿದಳು. ಸೂಜಿ ಚುಚ್ಚಬೇಕು, ಆ ಕೈ ಸ್ವಲ್ಪ ಬಿಡಿ ಎಂದು ನರ್ಸ್ ಅಕ್ಕನಿಗೆ ಹೇಳಿದಳು. ಅಕ್ಕ ಬಿಡಲಿಲ್ಲ. ಇನ್ನೊಂದು ಸಲ ಹೇಳಿದರೂ ಬಿಡಲಿಲ್ಲ. ಕೊನೆಗೆ ನರ್ಸ್ ಸುತ್ತಿಕೊಂಡು ಬಂದು ಇನ್ನೊಂದು ಕೈಯಿಂದ ರಕ್ತ ತೆಗೆದುಕೊಂಡು ಹೋದಳು.